ನಾಲ್ಕನೇ ಮಹಡಿ ಆರಿಸಬೇಡಿ

ನಮ್ಮ ಚಿಕ್ಕಪ್ಪನಿಗೆ ವಿಡಿಯೊ ಗೇಮ್ ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನ ನಡುಮನೆಯಲ್ಲಿ ಸಾಲಾಗಿ ಕೂತಿರುವ ಆರು ಹಳೆಯ ಗೇಮ್ ಯಂತ್ರಗಳನ್ನು ನೋಡಿದವರು ಏನೇನೋ ಅಂದುಕೊಳ್ಳುತ್ತಾರೆ. ಆಟ ಶುರುವಾಗಿ ಮೊದಲ ಹಳ್ಳ ಬಂದರೆ ಸಾಕು, ಚಿಕ್ಕಪ್ಪನ ಬೊಂಬೆ ನೆಟ್ಟಗೆ ಹೋಗಿ ಅದರೊಳಗೆ ಬೀಳುತ್ತದೆ. ಅವನಿಗೆ ಅದರ ಬೇಸರವೂ ಇಲ್ಲ. ಯಂತ್ರಕ್ಕೆ ಕರೆಂಟು ಹೋಗಿ, ಪರದೆಯ ಮೇಲೆ ಚಿತ್ರ ಮೂಡಿ, ಟಿಣ್ ಅಂತ ಒಂದು ಸದ್ದು ಬಂದರೆ ಅಲ್ಲಿಗೆ ಅವನ ಆಟ ಗೆದ್ದ ಹಾಗೆ.

ಚಿಕ್ಕಪ್ಪ ಲಿಫ್ಟ್ ಮೆಕ್ಯಾನಿಕ್. ಮೀಸೆ ಮೂಡುವ ಮೊದಲಿನಿಂದಲೂ ಅದೇ ಕೆಲಸ. ಹೋದಲ್ಲೆಲ್ಲ ಕಟ್ಟಡದ ನೆಲಮಾಳಿಗೆಗೆ ಇಳಿಯಲೇಬೇಕು. ಮನೆ ಖಾಲಿ ಮಾಡುವವರು ಬೇಡದ್ದನ್ನೆಲ್ಲ ತಂದು ಎಸೆಯುವುದೂ ಅಲ್ಲಿಗೇ. ಮುರಿದ ಕುರ್ಚಿ, ಒಂಟಿ ಚಪ್ಪಲಿಗಳ ನಡುವೆ ಇವನ ಕಣ್ಣಿಗೆ ಮಾತ್ರ ಗೇಮ್ ಯಂತ್ರಗಳು ಬೀಳುತ್ತವೆ. ವಾಚ್‌ಮನ್‌ಗೆ ಒಂದು ಮಾತು ಹೇಳಿ, ಧೂಳು ಒರೆಸಿ, ಕಂಕುಳಲ್ಲಿಟ್ಟುಕೊಂಡು ಮನೆಗೆ ತರುತ್ತಾನೆ. "ಇನ್ನೂ ಜೀವ ಇದೆ ಕಣೇ ಇದಕ್ಕೆ," ಎನ್ನುತ್ತಾನೆ. ಬೀದಿನಾಯಿ ಮರಿ ಎತ್ತಿಕೊಂಡು ಬರುವ ಮಕ್ಕಳೂ ಹೀಗೇ ಹೇಳುವುದು.

ಜೀವವೇನೋ ಇರುತ್ತದೆ, ಅದಕ್ಕೆ ಊಟ ಹಾಕುವುದೇ ಕಷ್ಟ. ಪ್ರತಿ ಯಂತ್ರಕ್ಕೂ ಅದರದೇ ಅಡಾಪ್ಟರ್ ಬೇಕು. ಒಂದು ಒಂಬತ್ತು ವೋಲ್ಟಿನದು, ಇನ್ನೊಂದು ಹತ್ತರದು. ಒಂದರ ಪಿನ್ನಿನಲ್ಲಿ ಪ್ಲಸ್ ಒಳಗೆ, ಇನ್ನೊಂದರಲ್ಲಿ ಹೊರಗೆ. ನೋಡಿದರೆ ಎಲ್ಲ ಒಂದೇ ತಾಯಿ ಮಕ್ಕಳು. ಅದಲು ಬದಲಾದರೆ ಯಂತ್ರ ಸುಟ್ಟೇಹೋಗುತ್ತದೆ. ಸಾಲದ್ದಕ್ಕೆ ಒಂದೊಂದು ಅಡಾಪ್ಟರೂ ಇಟ್ಟಿಗೆಯಷ್ಟು ದಪ್ಪ. ಬಸ್ಸಿನಲ್ಲಿ ಎರಡು ಸೀಟು ಹಿಡಿದು ಕೂರುವವರ ಹಾಗೆ ಪಕ್ಕದ ಪ್ಲಗ್‌ಗೆ ಜಾಗವನ್ನೇ ಬಿಡುವುದಿಲ್ಲ. ಟಿವಿ ಇರುವುದು ಒಂದೇ, ಅದರ ಹಿಂದೆ ವೈರು ಸಿಕ್ಕಿಸುವ ಜಾಗವೂ ಒಂದೇ. ಮೊದಮೊದಲು ಬಗ್ಗಿ, ತಡಕಾಡಿ, ವೈರು ಬದಲಿಸುವಷ್ಟರಲ್ಲಿ ಆಡುವ ಆಸೆಯೇ ಹೋಗಿಬಿಡುತ್ತಿತ್ತು.

ಅದಕ್ಕೆ ಚಿಕ್ಕಪ್ಪ, ಯಾವುದೋ ಹಳೆಯ ಲಿಫ್ಟಿನಿಂದ ಕಿತ್ತುಹಾಕಿದ್ದ ಬಟನ್ ಫಲಕವನ್ನು ತಂದು ಗೋಡೆಗೆ ಕೂರಿಸಿದ. ಒಂದರಿಂದ ಆರರವರೆಗೆ ಬಟನ್‌ಗಳು, ಕೆಳಗೆ ದೊಡ್ಡದೊಂದು ಕೆಂಪು ಬಟನ್. ಮೂರು ಒತ್ತಿದರೆ ಮೂರನೇ ಯಂತ್ರಕ್ಕೆ ಕರೆಂಟು, ಅದರ ಚಿತ್ರವೇ ಟಿವಿಗೆ. ಕೆಂಪು ಒತ್ತಿದರೆ ಎಲ್ಲವೂ ಬಂದ್. ಅಡಾಪ್ಟರ್‌ಗಳನ್ನು ಕೆಳಗೊಂದು ಮರದ ಪೆಟ್ಟಿಗೆಯಲ್ಲಿಟ್ಟು, ಪ್ರತಿ ಯಂತ್ರದ ವೈರನ್ನೂ ಅಲ್ಲೇ ತಿರುಪು ಹಾಕಿ ಜೋಡಿಸಿ, ನಂಬರ್ ಅಂಟಿಸಿದ. ಅಂದಿನಿಂದ ಆ ಮನೆಯಲ್ಲಿ ಯಂತ್ರಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. "ಎರಡನೇ ಮಹಡಿ ಹಾಕಿ", "ಐದನೇ ಮಹಡೀಲಿ ಸದ್ದೇ ಬರ್ತಿಲ್ಲ ನೋಡ್ರೀ" ಎಂದೇ ಮಾತು. ಹೊಸಬರು ಈ ಪುಟ್ಟ ಮನೆಯಲ್ಲಿ ಐದನೇ ಮಹಡಿ ಎಲ್ಲಿಂದ ಬಂತು ಎಂದು ಕಕ್ಕಾಬಿಕ್ಕಿಯಾಗುತ್ತಾರೆ.

ಈ ವ್ಯವಸ್ಥೆಗೆ ಇದ್ದವಳು ಒಬ್ಬಳೇ ಶತ್ರು. ನಮ್ಮ ಅಜ್ಜಿ, ಚಿಕ್ಕಪ್ಪನ ತಾಯಿ. ಉರಿಯುವ ದೀಪ ಕಂಡರೆ ಅಜ್ಜಿಯ ಕೈ ಸುಮ್ಮನಿರುವುದಿಲ್ಲ. ನಾನು ಒಳಗೆ ಸ್ನಾನ ಮಾಡುತ್ತಿರುವಾಗಲೇ ಎಷ್ಟು ಸಲ ಬಚ್ಚಲಿನ ಲೈಟ್ ಆರಿಸಿದ್ದಾಳೋ ಲೆಕ್ಕವಿಲ್ಲ. ಆ ಕೆಂಪು ಬಟನ್ ಅಂದರಂತೂ ಅವಳಿಗೆ ಪ್ರಾಣ. ದಿನಾ ಅದನ್ನೊಮ್ಮೆ ಒತ್ತಿ, ಆರು ಮಹಡಿಗಳನ್ನೂ ಮಲಗಿಸಿದ ಮೇಲೆಯೇ ತಾನು ಮಲಗುವುದು.

ಇನ್ನು ಆಡುವವಳು ಚಿಕ್ಕಮ್ಮ. ಬೇಕರಿಯಲ್ಲಿ ಕೇಕಿನ ಮೇಲೆ ಹೂ ಬಿಡಿಸುವ, ಹೆಸರು ಬರೆಯುವ ಕೆಲಸ ಅವಳದು. ಕೈ ಒಂದಿಷ್ಟೂ ಅಲುಗುವುದಿಲ್ಲ. ನಾಲ್ಕನೇ ಮಹಡಿಯ ಕೋಟೆ ಆಟ ಅವಳ ಹಳೆಯ ಹಟ. ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಇದೇ ಆಟವಿತ್ತಂತೆ. ಅಣ್ಣಂದಿರೆಲ್ಲ ಆಡಿ ಸಾಕಾದ ಮೇಲೆ ಇವಳ ಸರದಿ. ಇವಳು ಚೆನ್ನಾಗಿ ಆಡುತ್ತ ಮುಂದೆ ಹೋದಳೋ, "ಕೊಡಿಲ್ಲಿ, ನಿಂಗೆ ಗೊತ್ತಾಗಲ್ಲ" ಎಂದು ಯಾರಾದರೊಬ್ಬರು ಕೈಯಿಂದ ಕಿತ್ತುಕೊಳ್ಳುವರು. ಇವಳೂ "ಪರವಾಗಿಲ್ಲ" ಎಂದು ಎದ್ದು ಹೋಗುವಳು. ಕೊನೆಯ ಕೋಟೆಯ ಬಾಗಿಲಾಚೆ ಏನಿದೆ ಎಂಬುದನ್ನು ಅವಳು ನೋಡಿಯೇ ಇರಲಿಲ್ಲ.

ಒಂದು ಭಾನುವಾರ ಸಂಜೆ ಚಿಕ್ಕಮ್ಮ ಆ ಬಾಗಿಲಿನ ಮುಂದೆ ಬಂದು ನಿಂತಳು. ಬೊಂಬೆಗೆ ಉಳಿದದ್ದು ಒಂದೇ ಜೀವ. ಯಾವತ್ತೂ ಅಲುಗದ ಕೈ ಆಗ ನಡುಗತೊಡಗಿತು. ಆಟವನ್ನು ಅಲ್ಲಿಗೇ ತಡೆದು ನಿಲ್ಲಿಸಿ, "ಇವತ್ತು ಬೇಡಪ್ಪ. ನಾಳೆ ಕೆಲಸ ಮುಗಿಸ್ಕೊಂಡು ಬಂದು ಆಡ್ತೀನಿ," ಎಂದಳು. ಅದು ಹಳೆಯ ಕಾಲದ ಆಟ, ಆಡಿದ್ದನ್ನು ಉಳಿಸಿಡುವ ಸೌಲಭ್ಯವಿಲ್ಲ. ಟಿವಿ ಆರಿಸಬಹುದು. ಯಂತ್ರಕ್ಕೆ ಕರೆಂಟು ತಪ್ಪಿತೋ, ಎಲ್ಲ ಮತ್ತೆ ಮೊದಲಿನಿಂದ.

ಚಿಕ್ಕಪ್ಪ ತನ್ನ ಕೆಲಸದ ಚೀಲದಿಂದ ಒಂದು ಹಳದಿ ಬೋರ್ಡು ತೆಗೆದು ಅವಳ ಕೈಗೆ ಕೊಟ್ಟ. "ಕೆಲಸ ನಡೆಯುತ್ತಿದೆ, ಮುಟ್ಟಬೇಡಿ" ಎಂದು ಅದರ ಮೇಲೆ ಬರೆದಿತ್ತು. ಲಿಫ್ಟ್ ರಿಪೇರಿಗೆ ಇಳಿಯುವವರು ಸ್ವಿಚ್ಚಿನ ಮೇಲೆ ಅದನ್ನು ತೂಗುಹಾಕಿ ಇಳಿಯುತ್ತಾರೆ. ಹಾಕಿದ ಕೈಯೇ ಅದನ್ನು ತೆಗೆಯಬೇಕು, ಕಟ್ಟಡದ ಮಾಲೀಕನೇ ಬಂದರೂ ಮುಟ್ಟುವಂತಿಲ್ಲ. ಹಿಂದೊಮ್ಮೆ ಯಾವನೋ ಆತುರಗಾರ ಬೋರ್ಡು ತೆಗೆದು ಸ್ವಿಚ್ ಹಾಕಿದ್ದಕ್ಕೆ ಚಿಕ್ಕಪ್ಪನ ಎಡಗೈಯ ಕಿರುಬೆರಳು ಅರ್ಧ ಹೋಗಿದೆ. ಹಾಗಾಗಿ ಎಲ್ಲದರಲ್ಲೂ ಹಲ್ಲು ಕಿರಿಯುವ ಮನುಷ್ಯ ಈ ಒಂದು ವಿಷಯದಲ್ಲಿ ತಮಾಷೆ ಮಾಡುವುದಿಲ್ಲ. ಚಿಕ್ಕಮ್ಮ ಬೋರ್ಡನ್ನು ಕೆಂಪು ಬಟನ್ನಿನ ಮೇಲೆ ತೂಗುಹಾಕಿದಳು.

"ನಾಳೆ ಸಂಜೆವರೆಗೂ ಸುಮ್ಮನೆ ಉರೀಬೇಕಾ ಇದು? ಯಾರ ಮುಖ ನೋಡೋಕೆ?" ಎಂದು ಅಜ್ಜಿ ಗೊಣಗಿದಳು. ಆದರೂ ಮುಟ್ಟಲಿಲ್ಲ. ಮಗನ ಕಿರುಬೆರಳು ಅವಳಿಗೂ ನೆನಪಿತ್ತು.

ಮಾರನೆಯ ದಿನ ನನಗೆ ರಜೆ. ನಾನು ಡ್ರೈವಿಂಗ್ ಕಲಿಸುವವಳು, ಕಾರು ರಿಪೇರಿಗೆ ಹೋಗಿತ್ತು. ಚಿಕ್ಕಪ್ಪನ ಮನೆ ಇರುವ ಕಟ್ಟಡದಲ್ಲೇ ನಮ್ಮದು ಎದುರು ಮನೆ, ಹಾಗಾಗಿ ಅಲ್ಲಿಗೆ ಹೋಗಿ ಅಜ್ಜಿಯ ಜೊತೆ ಹರಟುತ್ತ ಕೂತಿದ್ದೆ. ಚಿಕ್ಕಪ್ಪ ಬಾಗಿಲು ತಳ್ಳಿಕೊಂಡು ಬಂದ. ಮುಖ ಸಣ್ಣಗಾಗಿತ್ತು. ನಮ್ಮ ಕಟ್ಟಡದ ಲಿಫ್ಟೇ ಜಗ್ಗಿ ಜಗ್ಗಿ ನಿಲ್ಲುತ್ತಿತ್ತಂತೆ. ಹೋಗಿ ನೋಡಿದರೆ ಕೆಳಗಿನ ಮೇನ್ ಬೋರ್ಡಿನಲ್ಲಿ ಒಂದು ವೈರು ಕರಕಲಾಗಿದೆ. ಅದನ್ನು ಬದಲಿಸಬೇಕಾದರೆ ಇಡೀ ಕಟ್ಟಡದ ಕರೆಂಟು ತೆಗೆಯಬೇಕು.

"ಸಂಜೆ ಮಾಡಿದ್ರಾಯ್ತು ಬಿಡು, ಚಿಕ್ಕಮ್ಮ ಬರ್ಲಿ," ಎಂದೆ.

"ಲಿಫ್ಟ್ ನಿಲ್ಲಿಸಿ, ವಾಚ್‌ಮನ್‌ನ ಕಾವಲಿಗೆ ಬಿಟ್ಟು ಬಂದಿದ್ದೀನಿ. ಆದ್ರೂ ವೈರು ಬಿಸಿಯಾಗ್ತಾನೇ ಇದೆ. ಸಂಜೆ ಅಂತ ಕೂತ್ರೆ ಬೆಂಕಿ ಹತ್ಕೊಳ್ಳುತ್ತೆ."

"ಹಾಗಾದ್ರೆ ಅವಳಿಗೊಂದು ಫೋನ್ ಮಾಡಿ ಕೇಳು."

"ಕೇಳಿದ್ರೆ ಏನಂತಾಳೆ ನಿಂಗೊತ್ತಿಲ್ವಾ? ಪರವಾಗಿಲ್ಲ, ಆರಿಸಿ ಅಂತಾಳೆ. ಹುಟ್ಟಿದಾಗಿಂದ ಅದನ್ನೇ ಹೇಳ್ಕೊಂಡು ಬಂದಿದ್ದಾಳೆ. ಅದಕ್ಕೇ ಕೇಳಲ್ಲ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯ ಹೆಂಡತಿಗೆ ಒಂದು ಹೂ ತಂದುಕೊಟ್ಟದ್ದನ್ನು ನಾನು ಕಂಡಿಲ್ಲ. ಅವತ್ತು ಅವನನ್ನು ನೋಡಿ, ಹೂವಿನ ಮನೆ ಹಾಳಾಗಲಿ ಬಿಡು ಅನ್ನಿಸಿತು.

ಚಿಕ್ಕಪ್ಪ ಬಾಲ್ಕನಿಗೆ ಓಡಿ ಒಂದು ಬ್ಯಾಟರಿ ತಂದ. ಲಿಫ್ಟಿನೊಳಗಿನ ತುರ್ತು ದೀಪಕ್ಕೆ ಹಾಕಿ ತೆಗೆದ ಹಳೆಯದು. ಬೇಕಾದೀತು ಎಂದು ಚಾರ್ಜ್ ಮಾಡಿ ಇಟ್ಟುಕೊಂಡಿದ್ದ. ಮರದ ಪೆಟ್ಟಿಗೆ ತೆರೆದು, ಪ್ಲಸ್ ಯಾವುದು ಮೈನಸ್ ಯಾವುದು ಎಂದು ಎರಡೆರಡು ಸಲ ಬಾಯಿಬಿಟ್ಟು ಹೇಳಿಕೊಂಡು, ನಾಲ್ಕನೇ ಯಂತ್ರಕ್ಕೆ ಹೋಗುವ ವೈರಿಗೆ ಬ್ಯಾಟರಿಯ ವೈರನ್ನೂ ಸೇರಿಸಿ ತಿರುಪು ಬಿಗಿದ.

"ಅಡಾಪ್ಟರ್ ಇರೋವಾಗ್ಲೇ ಇದೂ ಸೇರಿದ್ರೆ, ಕರೆಂಟು ಹೋಗಿದ್ದು ಯಂತ್ರಕ್ಕೆ ಗೊತ್ತೇ ಆಗಲ್ಲ. ಆದ್ರೆ ಇದು ಹನ್ನೆರಡು ವೋಲ್ಟು, ಅದಕ್ಕೆ ಬೇಕಾದ್ದು ಒಂಬತ್ತು. ಹೆಚ್ಚಿಂದನ್ನ ಒಳಗಿರೋ ಚಿಪ್ ಇಳಿಸ್ಕೊಳ್ಳುತ್ತೆ, ಅದಕ್ಕೇ ಬಿಸಿಯಾಗುತ್ತೆ. ತುಂಬಾ ಬಿಸಿಯಾದ್ರೆ ಕೈಕೊಡುತ್ತೆ. ನೋಡ್ಕೊಳ್ತಾ ಇರಿ," ಎಂದವನೇ ಮೆಟ್ಟಿಲಿಳಿದು ಓಡಿದ.

ಸ್ವಲ್ಪ ಹೊತ್ತಿಗೆ ಫ್ಯಾನ್ ನಿಂತಿತು. ಫ್ರಿಜ್ಜಿನ ಗುಂಯ್ ಸದ್ದೂ ನಿಂತಿತು. ನಾಲ್ಕನೇ ಯಂತ್ರದ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು.

ಅಜ್ಜಿ ಹೋಗಿ ಯಂತ್ರದ ಬೆನ್ನ ಮೇಲೆ ಕೈಯಿಟ್ಟು ನೋಡಿದಳು. "ಅಯ್ಯೋ, ಮೈ ಸುಡ್ತಿದೆಯಲ್ಲೇ!" ಎಂದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ದಿನಪತ್ರಿಕೆ ಮಡಿಸಿ ಗಾಳಿ ಹಾಕತೊಡಗಿದಳು. ನಾನು ಕೈ ಚಾಚಿದರೆ ಕೊಡಲಿಲ್ಲ. "ನಿನ್ನ ಕೈಗೆ ಕೊಟ್ರೆ ಫೋನ್ ನೋಡ್ತಾ ಕೂತ್ಬಿಡ್ತೀಯ. ಸುಮ್ನಿರು."

ಗಾಳಿ ಹಾಕುತ್ತ ಹಾಕುತ್ತ, ನಾನು ಏನೂ ಕೇಳದಿದ್ದರೂ ಹೇಳಿದಳು. "ಶಾಲೇಲಿ ನಾನು ಓಟದಲ್ಲಿ ಎಲ್ರಿಗಿಂತ ಮುಂದೆ ಇದ್ದೆ ಗೊತ್ತಾ? ಇನ್ನು ನಾಲ್ಕು ಹೆಜ್ಜೆ ಇತ್ತು. ಅಪ್ಪ ಬಂದು ಕೈ ಹಿಡಿದು ಮನೆಗೆ ಕರ್ಕೊಂಡು ಹೋದ. ಹುಡುಗಿ ಓಡ್ಬಾರ್ದಂತೆ."

ಅಷ್ಟು ವರ್ಷದಲ್ಲಿ ಅಜ್ಜಿ ಓಡಿದ್ದನ್ನು ನಮಗೆ ಯಾರಿಗೂ ಹೇಳಿರಲಿಲ್ಲ. ಫ್ಯಾನ್ ಮತ್ತೆ ತಿರುಗುವವರೆಗೂ ಅವಳ ಕೈ ನಿಲ್ಲಲಿಲ್ಲ. ಚಿಕ್ಕಪ್ಪ ಮೈಯೆಲ್ಲ ಮಸಿ ಮಾಡಿಕೊಂಡು ಬಂದು, ಮೊದಲು ಕೆಂಪು ದೀಪ ನೋಡಿ, ಆಮೇಲೆ ಬ್ಯಾಟರಿ ಬಿಚ್ಚಿದ.

ಸಂಜೆ ಚಿಕ್ಕಮ್ಮ ಬಂದಳು. ಉಗುರಿನ ಸಂದಿಯಲ್ಲಿ ಇನ್ನೂ ಗುಲಾಬಿ ಬಣ್ಣದ ಕ್ರೀಮಿತ್ತು. ಕಟ್ಟಡದ ಕರೆಂಟು ಹೋಗಿದ್ದ ಸುದ್ದಿಯನ್ನು ವಾಚ್‌ಮನ್ ಗೇಟಿನಲ್ಲೇ ಒಪ್ಪಿಸಿಬಿಟ್ಟಿದ್ದ. "ಪರವಾಗಿಲ್ಲ ಬಿಡಿ," ಎನ್ನುತ್ತಲೇ ಒಳಗೆ ಕಾಲಿಟ್ಟವಳು ಕೆಂಪು ದೀಪ ನೋಡಿದಳು. ತೋಳಿಗೆ ನೋವಿನ ಮುಲಾಮು ತಿಕ್ಕಿಕೊಳ್ಳುತ್ತಿದ್ದ ಅತ್ತೆಯನ್ನು ನೋಡಿದಳು. ಗಂಡನನ್ನು ನೋಡಿದಳು.

"ಬೋರ್ಡು ನೀನು ಹಾಕಿದ್ದು. ನೀನೇ ತೆಗೀಬೇಕು," ಎಂದ ಚಿಕ್ಕಪ್ಪ.

ಚೀಲವನ್ನೂ ಕೆಳಗಿಡದೆ ಕೂತು ಆಡಿದಳು. ಈ ಸಲ ಕೈ ನಡುಗಲಿಲ್ಲ. ನಾವು ಮೂವರೂ ಅವಳ ಹಿಂದೆ ಕೂತಿದ್ದೆವು. ಬಾಗಿಲು ತೆರೆಯಿತು. ಆಚೆ ಒಂದು ಮರ, ಮರದ ಕೆಳಗೊಂದು ಕಲ್ಲು. ಬೊಂಬೆ ಹೋಗಿ ಕಲ್ಲಿನ ಮೇಲೆ ಕೂತು ನಮ್ಮ ಕಡೆಗೆ ಕೈಬೀಸಿತು. ಕೈಬೀಸುತ್ತಲೇ ಇತ್ತು.

"ಇಷ್ಟೇನಾ?" ಎಂದಳು ಅಜ್ಜಿ.

"ಇಷ್ಟೇ ಅತ್ತೆ," ಎಂದಳು ಚಿಕ್ಕಮ್ಮ. ನಗುತ್ತಲೂ ಇದ್ದಳು, ಕಣ್ಣೊರೆಸಿಕೊಳ್ಳುತ್ತಲೂ ಇದ್ದಳು. ಎದ್ದು ಹೋಗಿ ಹಳದಿ ಬೋರ್ಡನ್ನು ತೆಗೆದಳು. "ನಿನ್ನೆಯಿಂದ ತಡ್ಕೊಂಡಿದ್ದೀರಿ. ಈಗ ನೀವೇ ಆರಿಸಿ."

ಅಜ್ಜಿ ಕೆಂಪು ಬಟನ್ನಿನ ಹತ್ತಿರ ಬೆರಳು ಒಯ್ದಳು. ಪರದೆಯ ಕಡೆ ತಿರುಗಿ ನೋಡಿದಳು. ಬೆರಳು ಹಿಂದೆ ತೆಗೆದಳು.

"ಇರ್ಲಿ ಬಿಡೆ. ಪಾಪ, ಅಷ್ಟು ದೂರದಿಂದ ಬಂದು ಈಗ ತಾನೆ ಕೂತಿದೆ. ಸ್ವಲ್ಪ ಹೊತ್ತು ಉರೀಲಿ."

ಹಾಗೆಂದು, ಅಡುಗೆಮನೆಗೆ ಹೋಗಿ ಅಲ್ಲಿನ ಲೈಟು ಆರಿಸಿ ಬಂದು, ಸೊಸೆಯ ಪಕ್ಕದಲ್ಲಿ ಕೂತಳು.