ಡೊರೊತಿಯ ಊರಿನ ಮರ

“ಆ ಮರಕ್ಕೆ ಎಷ್ಟು ಸುತ್ತು ಬರ್ತೀರಾ ಅಂತ ಅವರನ್ನ ಕೇಳೇ,” ಎಂದರು ಅಮ್ಮ.

ಮೈಸೂರಿನಿಂದ ವಿದೇಶದಲ್ಲಿರುವ ನಮ್ಮ ಎಜುಕೇಶನ್ ಹಿಲ್ ಬಡಾವಣೆಯ ಮನೆಗೆ ಬಂದಿದ್ದ ಅಮ್ಮನಿಗೆ, ಪಕ್ಕದ ಮನೆಯ ವಯಸ್ಸಾದ ಡೊರೊತಿ ತಾವು ಹುಟ್ಟಿದ ಇಂಗ್ಲೆಂಡಿನ ಹಳ್ಳಿಯ ಫೋಟೊಗಳನ್ನು ತೋರಿಸುತ್ತಿದ್ದರು. ಕಲ್ಲಿನ ಸೇತುವೆ, ಬಾತುಕೋಳಿಗಳ ಕೊಳ, ಗಿಡ್ಡ ಗೋಪುರದ ಚರ್ಚು ಆದಮೇಲೆ ಚರ್ಚಿನ ಅಂಗಳದ ಮರ ಬಂತು. ಚರ್ಚು ಕಟ್ಟುವ ಮೊದಲೇ ಅದು ಅಲ್ಲಿತ್ತಂತೆ. ಬುಡದ ಸುತ್ತ ಕಲ್ಲಿನ ಕಟ್ಟೆ ಕಂಡಿದ್ದೇ ತಡ, ಅಮ್ಮನ ಪಾಲಿಗೆ ಅದು ಅರಳಿಕಟ್ಟೆಯಾಗಿತ್ತು.

“ಅವರು ಕ್ರಿಶ್ಚಿಯನ್ಸ್ ಅಮ್ಮ, ಅದೆಲ್ಲ ಮಾಡಲ್ಲ,” ಎಂದು ಗದರಿದೆ. ಅಮ್ಮ ಏನು ಕೇಳಿದರು ಹೇಳು ಎಂದು ಡೊರೊತಿ ಪಟ್ಟು ಬಿಡಲಿಲ್ಲ. ಮುಜುಗರಪಟ್ಟುಕೊಂಡೇ ಇಂಗ್ಲಿಷಿನಲ್ಲಿ ಹೇಳಿದೆ. ಡೊರೊತಿ ಫೋಟೊದಲ್ಲಿನ ಮರದ ಮೇಲೆ ಬೆರಳಿಟ್ಟರು.

“ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ನಾನೂ ತಂಗಿಯೂ ದಿನಾ ಸುತ್ತುತ್ತಿದ್ದೆವು. ಪಾದ್ರಿ ಕಂಡರೆ ಬೈಯುತ್ತಾರೆ ಅಂತ, ಆಟ ಆಡುವವರ ಹಾಗೆ ಓಡುತ್ತಿದ್ದೆವು. ಇದನ್ನು ಯಾರಿಗೂ ಹೇಳಿಲ್ಲ,” ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳುತ್ತಲೇ ಅಮ್ಮ ಅವರ ಕೈ ಹಿಡಿದುಕೊಂಡರು. “ಊರಿಗೆ ಹೋದಾಗ ನನ್ನದೂ ಒಂದು ಸುತ್ತು ಹಾಕಿ ಅನ್ನು,” ಎಂದರು ನನಗೆ.

ಈ ಬೇಸಿಗೆಯಲ್ಲಿ ಆ ಹಳ್ಳಿಯಿಂದಲೇ ಡೊರೊತಿಯ ಮೆಸೇಜು ಬಂತು: “ಅಮ್ಮನಿಗೆ ಹೇಳು, ಅವರ ಸುತ್ತೂ ಆಯಿತು. ಈ ಸಲ ಓಡಲಿಲ್ಲ. ಪಾದ್ರಿ ನೋಡುತ್ತಿದ್ದರೂ ನಿಧಾನವಾಗಿಯೇ ನಡೆದೆ.”