ಮೊಳೆಗೇರದ ವೈರು

ಆದಿನಾರಾಯಣನ ಬಾಯಿ ಸರಿಯಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ, ಇದೇ ಮಾತು ಹೇಳುತ್ತಾರೆ. ಹೇಳಿದವರೇ ಕಾರಿನ ವೈರಿಂಗ್ ಕೆಟ್ಟಾಗ ಮೊದಲು ಓಡಿಬರುವುದೂ ಅವನ ಅಂಗಡಿಗೇ! ಐವತ್ತೆಂಟರ ಆಸಾಮಿ, ಕಿವಿಯ ಸಂದಿಯಲ್ಲಿ ಟೆಸ್ಟರ್, ಹೆಗಲ ಮೇಲೆ ಯಾವುದೋ ಕಾಲದಲ್ಲಿ ಬಿಳಿಯಾಗಿದ್ದ ಟವೆಲ್. ಅಂಗಡಿಯ ಗೋಡೆಗೆ ಒಂದು ದೊಡ್ಡ ಮೊಳೆ ಹೊಡೆದಿದ್ದಾನೆ. ಗಾಡಿಗಳಿಂದ ಕಿತ್ತ ಕೆಟ್ಟ ವೈರುಗಳೆಲ್ಲ ಅದಕ್ಕೇ. ಸುಮ್ಮನೆ ತಗುಲಿಹಾಕಿದರೆ ಹಾಳಾಗಿಹೋಗಲಿ, ಬಂದವರಿಗೆಲ್ಲ ಅದರ ಚರಿತ್ರೆಯನ್ನೂ ಹೇಳಬೇಕು ಇವನಿಗೆ.

"ಇದು ನೋಡು, ಚಿಕ್ಕಮುನಿಯಪ್ಪಂದು. ಗಾಡಿ ಆರನ್ನಿಗೆ ಅಂತ ಮನೆ ಬಲ್ಬಿನ ವೈರು ಸುತ್ತವ್ನೆ, ಪುಣ್ಯಾತ್ಮ!"

ಪಾಪ, ಆ ಚಿಕ್ಕಮುನಿಯಪ್ಪ ಒಂದು ತಿಂಗಳು ಆ ಬೀದಿಯಲ್ಲೇ ಓಡಾಡಲಿಲ್ಲ.

ಕೆಲಸದ ಮೇಲಿನ ಈ ಹಟ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಮೈಸೂರು ಮೈನ್ಸ್‌ನಲ್ಲಿ ಗಣಿಯ ಗಂಟೆಯ ತಂತಿ ನೋಡಿಕೊಳ್ಳುತ್ತಿದ್ದರು. ಕೆಳಗಿನವರು ಗಂಟೆ ಬಾರಿಸಿದರೇ ಮೇಲಿನವರು ಆಳುಗಳನ್ನು ಹೊತ್ತ ಕೇಜನ್ನು ಎತ್ತಬೇಕು. ತಂತಿ ಕೈಕೊಟ್ಟರೆ ಆಳುಗಳ ಗತಿ? "ಗಂಟೆ ಕೇಳಿಸ್ಲಿಲ್ಲ ಅಂದ್ರೆ ಗಂಟೆ ಬಿಚ್ಬೇಡ ಕಣ್ಲಾ, ತಂತಿ ಇಡ್ಕೊಂಡು ನಡಿ" ಎಂದು ಅಪ್ಪ ಹೇಳುತ್ತಿದ್ದರು. ಗಣಿ ಮುಚ್ಚಿತು, ಅಪ್ಪ ಹೋದರು. ಆ ಒಂದು ಮಾತನ್ನು ಇಟ್ಟುಕೊಂಡೇ ಆದಿನಾರಾಯಣ ಇಷ್ಟು ವರ್ಷ ಬದುಕಿದ್ದಾನೆ.

ಒಂದು ಸೋಮವಾರ ಬೆಳಿಗ್ಗೆ ಚಲಪತಿ ತನ್ನ ಬಿಳಿ ಕಾರು ತಂದು ನಿಲ್ಲಿಸಿದ. ಬಂಗಾರಪೇಟೆಯ ಪಕ್ಕದ ಹಳ್ಳಿಯವನು. ಸ್ಟೇಷನ್ನಿನ ಮುಂದೆ ಕಾರು ಬಾಡಿಗೆಗೆ ಓಡಿಸುತ್ತಾನೆ. ಹಿಂದಿನ ಸೀಟಿನಿಂದ ಅವನ ತಾಯಿ ಚಿಕ್ಕವೆಂಕಟಮ್ಮ ಇಳಿದಳು, ಕಂಕುಳಲ್ಲಿ ಒಂದು ಚೀಲ.

"ಆದಣ್ಣ, ಇಂಜಿನ್ ಲೈಟು ಆರ್ತಾನೇ ಇಲ್ಲ. ಎರಡು ಕಡೆ ಆಕ್ಸಿಜನ್ ಸೆನ್ಸರ್ ಬದ್ಲಾಯಿಸ್ದೆ. ನಾಲ್ಕು ದಿನ ಸುಮ್ಕಿರ್ತದೆ, ಮತ್ತೆ ಅತ್ಕೊಂತದೆ. ಪೆಟ್ರೋಲ್ ಕುಡಿಯೋದಂತೂ ಕೇಳ್ಬೇಡ. ಸಾಕಾಗೋಯ್ತು. ಶನಿವಾರ ಗಿರಾಕಿ ಬತ್ತಾವ್ನೆ, ಮಾರಿಬಿಟ್ಟು ಡ್ರೈವರಾಗಿ ಲಾರಿ ಅತ್ತೀನಿ."

ಲಾರಿ ಎಂದಕೂಡಲೇ ತಾಯಿಯ ಮುಖ ಬಿಳಿಚಿಕೊಂಡಿತು.

"ಬ್ಯಾಡ ನಾಯ್ನಾ, ಅವನ್ಗೆ ಯೋಳು," ಎಂದು, ಮಗನನ್ನು ಕರೆಯುವ ಹಾಗೆ ಕರೆದು, ಆದಿನಾರಾಯಣನ ಕಡೆ ತಿರುಗಿದಳು. "ನನ್ ದೊಡ್ಡ ಮಗ ಗಿರಿ ಲಾರಿ ಅತ್ತಿ ಓಗಿದ್ದೋನು ವಾಪಸ್ ಬರ್ಲೇ ಇಲ್ಲ. ಇವ್ನೊಬ್ನಾದ್ರೂ ಸಂಜೆಗೆ ಮನೇಗ್ ಬರ್ಲಿ."

"ಅಳ್ಬೇಡಮ್ಮ, ಬೆಂಚಿನ ಮೇಲ್ ಕೂತ್ಕೊ," ಎಂದ ಆದಿನಾರಾಯಣ. ಚಲಪತಿಯನ್ನು ಟೀ ತರಲು ಅಟ್ಟಿ, ಕಾರನ್ನು ಅಂಗಡಿ ಮುಂದಿನ ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ ಕೆಳಗಿಳಿದ.

ಸೈಲೆನ್ಸರ್ ಪೈಪಿಗೆ ಹೆಬ್ಬೆರಳು ಗಾತ್ರದ ಆ ಸೆನ್ಸರನ್ನು ತಿರುಪಿರುತ್ತಾರೆ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ ಕಾರಿನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಅದರ ಮಾತು ಕೇಳಿ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಇಂಜಿನ್ ಓಡಿಸಿ ಸೆನ್ಸರಿನ ಬುಡದಲ್ಲಿ ಮೀಟರ್ ಹಿಡಿದ. ಅಂಕಿ ಮೇಲೆ ಕೆಳಗೆ ಚೆನ್ನಾಗಿ ಕುಣಿಯುತ್ತಿತ್ತು. ಸೆನ್ಸರ್ ಚಿನ್ನದಂಥದ್ದು. ಕಂಪ್ಯೂಟರಿನ ಕಡೆಯ ತುದಿಯಲ್ಲಿ ಹಿಡಿದ. ಅಲ್ಲಿ ಅಂಕಿ ಸತ್ತು ಬಿದ್ದಿತ್ತು. ಅಂದರೆ ಸೆನ್ಸರ್ ಕೂಗುತ್ತಲೇ ಇದೆ, ಕಂಪ್ಯೂಟರಿಗೆ ಕೇಳುತ್ತಿಲ್ಲ. ದಾರಿ ನಡುವೆಯೇ ಏನೋ ಆಗಿದೆ. ಥೂ, ಎರಡು ಸೆನ್ಸರ್ ದಂಡ ಮಾಡಿದವರು ಒಂದು ಸಲ ಈ ವೈರು ಸವರಿ ನೋಡಬಾರದಿತ್ತೇ?

ಇಂಜಿನ್ ಆರಿಸಿ, ಅಪ್ಪ ಹೇಳಿದ ಹಾಗೆ ವೈರು ಹಿಡಿದುಕೊಂಡು ಹೋದ. ಮುಂದಿನ ಬಂಪರಿನ ಹಿಂದೆ, ಹೊರಗಿನಿಂದ ಯಾರಿಗೂ ಕಾಣದ ಮೂಲೆಯಲ್ಲಿ ಬೆರಳಿಗೆ ಏನೋ ಮೆತ್ತಗೆ ತಗುಲಿತು. ಟಾರ್ಚಿನ ಬೆಳಕು ಬಿಟ್ಟ. ಒಂದು ನಿಂಬೆಹಣ್ಣು, ಐದಾರು ಹಸಿಮೆಣಸಿನಕಾಯಿ. ಅದರ ಪಕ್ಕದಲ್ಲಿ ಒಣಗಿದ್ದು ಇನ್ನೊಂದು, ಅದರ ಹಿಂದೆ ಮತ್ತೊಂದು. ಎಲ್ಲವನ್ನೂ ಕಟ್ಟಡದ ಕಂಬಿಗೆ ಬಿಗಿಯುವ ಬೈಂಡಿಂಗ್ ವೈರಿನಿಂದ ಸೆನ್ಸರಿನ ವೈರಿಗೇ ಬಿಗಿದಿದ್ದರು. ಆ ಕಬ್ಬಿಣದ ತಂತಿ ಪ್ಲಾಸ್ಟಿಕ್ಕನ್ನು ಕೊಯ್ದಿತ್ತು. ಒಳಗೆ ನಿಂಬೆಯ ಹುಳಿ ಇಳಿದು ತಾಮ್ರವೆಲ್ಲ ಹಸಿರು ಕಿಲುಬು.

ಆದಿನಾರಾಯಣನಿಗೆ ನಗು ಉಕ್ಕಿತು. ಆಹಾ, ಮೊಳೆಗೆ ಇಂಥದ್ದು ಇದುವರೆಗೂ ಸಿಕ್ಕಿರಲಿಲ್ಲ! ಮಾತೂ ರೆಡಿಯಾಯಿತು. ವೈರಿನ ಆ ತುಂಡನ್ನು ಕತ್ತರಿಸಿ ಎತ್ತಿಹಿಡಿದು ಗುಂಡಿಯಿಂದ ತಲೆ ಹೊರಗೆ ಹಾಕಿದ.

ಬೆಂಚಿನ ಮೇಲೆ ಚಿಕ್ಕವೆಂಕಟಮ್ಮ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದಳು. ಗಾರೆ ಕೆಲಸದ ಕೈ, ಬೆರಳ ತುದಿಗಳಲ್ಲಿ ಬೈಂಡಿಂಗ್ ವೈರ್ ಗೀರಿದ ಗಾಯ. ಚೀಲದ ಬಾಯಿಯಿಂದ ಇನ್ನೊಂದು ನಿಂಬೆಹಣ್ಣು ಇಣುಕುತ್ತಿತ್ತು.

ಅವನಿಗೆ ಎಲ್ಲ ಅರ್ಥವಾಯಿತು. ಮಗನಿಗೆ ಯಾರ ದೃಷ್ಟಿಯೂ ತಾಗದಿರಲೆಂದು ಇವಳು ಮೊದಲೊಂದು ಕಟ್ಟಿದ್ದಾಳೆ, ಆಮೇಲೆ ಲೈಟು ಹತ್ತಿದಾಗಲೆಲ್ಲ ಇನ್ನೊಂದು. ಕಟ್ಟಿದಷ್ಟೂ ವೈರು ಕೊಯ್ದಿದೆ. ಮಗನನ್ನು ಲಾರಿಗೆ ದೂಡುತ್ತಿದ್ದುದು ಇವಳದೇ ಕೈ. ಇದನ್ನು ಹೇಗೆ ಹೇಳುವುದು? ತಲೆಯನ್ನು ಮತ್ತೆ ಗುಂಡಿಯೊಳಕ್ಕೆ ಎಳೆದುಕೊಂಡ. ನಿಂಬೆಹಣ್ಣುಗಳನ್ನು ವೈರಿನ ಸಮೇತ ಟವೆಲ್ಲಿಗೆ ಸುತ್ತಿಬಿಟ್ಟ.

"ಏನಣ್ಣ ಆಗಿತ್ತು?" ಟೀ ಹಿಡಿದು ಬಂದ ಚಲಪತಿ ಕೇಳಿದ.

"ಇಲಿ ಕಣ್ಲಾ. ಇಲಿ ಕಡ್ದೈತೆ."

ಕತ್ತರಿಸಿದ ಜಾಗಕ್ಕೆ ಹೊಸ ವೈರು ಸೇರಿಸಿ ಬೆಸುಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿದ. ಲೈಟು ಆರಿತು. ಬಂಗಾರಪೇಟೆ ರಸ್ತೆಯಲ್ಲಿ ಹತ್ತು ಮೈಲಿ ಓಡಿಸಿಬಂದರೂ ಹತ್ತಲಿಲ್ಲ. ಚಲಪತಿ ಅಲ್ಲೇ ಗಿರಾಕಿಗೆ ಫೋನ್ ಮಾಡಿ ಕಾರು ಕೊಡಲ್ಲ ಅಂದ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಲೇ ಚಲಪತಿ, ಮುಂದ್ಗಡೆ ಬಂಪರಿಗೆ ಒಂದು ನಿಂಬೆಹಣ್ಣು ಕಟ್ಸು," ಎಂದ ಆದಿನಾರಾಯಣ.

"ಥೂ, ಓಗಣ್ಣ! ಪ್ಯಾಸೆಂಜರ್‌ಗಳು ನಗ್ತಾರೆ ಅಂತ ಅಮ್ಮ ಕಟ್ಟಿದ್ದನ್ನೆಲ್ಲ ಕಿತ್ತಾಕಿದೀನಿ. ನೀನೂ ಇದ್ನೆಲ್ಲ ನಂಬ್ತೀಯಾ?"

"ನಾನು ನಂಬಾದೂ ಇಲ್ಲ, ಬಿಡಾದೂ ಇಲ್ಲ. ಅಮ್ಮ ದಾರದಲ್ಲಿ ಕಟ್ತಾಳೆ, ನೀನು ಮುಚ್ಕೊಂಡು ಓಡಿಸ್ತೀಯ. ಕಿತ್ತಾಕಿದ್ರೆ ನನ್ ಅಂಗಡಿ ಕಡೆ ತಲೆ ಆಕ್ಬೇಡ."

ಅಮಾವಾಸ್ಯೆ ಕಳೆದ ಮಾರನೆಯ ದಿನ ಚಿಕ್ಕವೆಂಕಟಮ್ಮ ಒಬ್ಬಳೇ ಬಸ್ಸಿನಲ್ಲಿ ಬಂದಳು. ಒಂದು ಚೀಲ ಅವರೆಕಾಯಿ ಇಳಿಸಿ, ನೇರ ಮೊಳೆಯ ಹತ್ತಿರ ಹೋಗಿ ಒಂದೊಂದೇ ವೈರು ಸರಿಸಿ ಹುಡುಕಿದಳು.

"ನಂದೆಲ್ಲಿ ನಾಯ್ನಾ?"

"ನಿಂದ್ಯಾಕಿರ್ತದಮ್ಮ? ಅದು ಇಲಿ..."

"ಇಲಿ ಬೈಂಡಿಂಗ್ ವೈರ್ ಸುತ್ತಿ ಗಂಟಾಕ್ತದಾ? ನೆನ್ನೆ ಅಮಾಸೆಗೆ ಬಂಪರ್ ಇಂದಿನ ಅಳೇ ನಿಂಬೆಹಣ್ಣು ಬಿಚ್ಚಾನ ಅಂತ ಕೈ ಆಕ್ದೆ. ಅಲ್ಲಿ ನೀನು ಒಸಾ ವೈರು ಬೆಸ್ದಿದ್ದು ಕೈಗ್ ಸಿಕ್ತು."

ಊರಿಗೆಲ್ಲ ಬಾಯಿ ಮಾಡುವ ಆದಿನಾರಾಯಣ ಕಿವಿಯ ಸಂದಿಯ ಟೆಸ್ಟರ್ ತೆಗೆದು ಟವೆಲ್ಲಿನಿಂದ ಒರೆಸತೊಡಗಿದ.

"ಎಲ್ರದೂ ತಗುಲಾಕ್ತೀಯಂತೆ. ನಂದೊಂದು ಯಾಕ್ ಮುಚ್ಚಿಟ್ಟೆ ಅಂತ ರಾತ್ರಿಯೆಲ್ಲ ಅತ್ತೆ ಕಣಪ್ಪ," ಎಂದಳು. ಸೊಂಟದಿಂದ ಒಂದು ನಿಂಬೆಹಣ್ಣು ತೆಗೆದು, ದಾರ ಪೋಣಿಸಿ, ಆ ವೈರುಗಳ ನಡುವೆಯೇ ಮೊಳೆಗೆ ಕಟ್ಟಿದಳು. "ಅವತ್ತು ಸುಮ್ಕಿತ್ತಲ್ಲ, ಆ ಬಾಯಿಗೆ ದೃಷ್ಟಿ ಆಗ್ದಿರ್ಲಿ."

ಅದು ಈಗಲೂ ಅಲ್ಲೇ ಇದೆ, ಒಣಗಿ ಕಪ್ಪಾಗಿದೆ. ಗಾಡಿ ತಂದವರು ಮೊಳೆ ನೋಡಿ, "ಇದ್ಯಾರದು ಆದಣ್ಣ?" ಎಂದು ಚರಿತ್ರೆ ಕೇಳಲು ನಿಲ್ಲುತ್ತಾರೆ. ಅವನು ಮೀಟರಿನಿಂದ ತಲೆ ಎತ್ತುವುದಿಲ್ಲ.

"ನಮ್ಮಮ್ಮಂದು," ಎನ್ನುತ್ತಾನೆ.