ಕಮ್ಮಾರನ ಮಗಳು ಕಂದೇಲಾ ಬಾಯಿ ತೆರೆದದ್ದು

ಹೆರೆಸ್ ಊರಿನ ನಮ್ಮ ಜಿಪ್ಸಿ ಕೇರಿಯಲ್ಲಿ ಕಂದೇಲಾ ಅತ್ತೆಯ ಅಪ್ಪ ಕಮ್ಮಾರನಾಗಿದ್ದ. ಗಿಟಾರ್ ಇಲ್ಲದೆ, ಸುತ್ತಿಗೆಯ ಏಟಿಗೇ ಫ್ಲಮೆಂಕೋ ಹಾಡುತ್ತಿದ್ದ. ಅವನಿಗೆ ಊಟ ಒಯ್ಯುತ್ತಿದ್ದ ಇವಳ ಗಂಟಲಿಗೂ ಆ ಹಾಡುಗಳು ಇಳಿದವು. ಆದರೆ ಮದುವೆಯಾದ ವಾರಕ್ಕೇ ಗಂಡ ಎಸ್ತೇಬಾನ್, "ನನ್ ಹೆಂಡ್ತಿ ನಾಲ್ಕು ಜನರ ಮುಂದೆ ಹಾಡೋದು ಬೇಡ" ಎಂದುಬಿಟ್ಟ. ನಲವತ್ತು ವರ್ಷ ಅವಳು ಅವನಿಲ್ಲದಾಗ ಮಾತ್ರ, ಕಡಲೆ ಬೇಯಿಸುತ್ತ ಮೆಲ್ಲಗೆ ಹಾಡಿಕೊಂಡಳು.

ಎಸ್ತೇಬಾನನಿಗೆ ಲಕ್ವ ಹೊಡೆದು ಮಾತು ನಿಂತ ವರ್ಷ, ಸೆವಿಲ್ಲಾ ಪಟ್ಟಣದಿಂದ ಒಬ್ಬ ಮೇಷ್ಟ್ರು ಹಳೇ ಹಾಡುಗಳನ್ನು ಹುಡುಕುತ್ತ, ರೆಕಾರ್ಡರ್ ಹಿಡಿದು ಅತ್ತೆಯ ಮನೆಗೆ ಬಂದರು.

"ನಿಮ್ಮಪ್ಪನ ಈ ಹಾಡು ಎಲ್ಲಿಂದ ಬಂತಮ್ಮಾ? ಅರಬರಿಂದಲಾ, ಇಂಡಿಯಾದಿಂದಲಾ?"

"ನಂಗೇನ್ ಗೊತ್ತು ಸ್ವಾಮಿ? ಅಪ್ಪಂಗೆ ಅವರಮ್ಮ ಕಲಿಸಿದ್ದು. ಜೈಲಲ್ಲಿ ಸತ್ತ ತಮ್ಮನ್ನ ನೆನೆಸ್ಕೊಂಡು ಅಜ್ಜಿ ಅಳ್ತಾ ಅಳ್ತಾ ಹಾಡ್ತಿದ್ಲಂತೆ. ಅದಕ್ಕೂ ಹಿಂದಿನ ಸುದ್ದಿ ಬೇಕಂದ್ರೆ ಅವಳನ್ನೇ ಕೇಳ್ಬೇಕು."

"ಒಂದ್ಸಲ ಹಾಡ್ತೀರಾ?"

ಅತ್ತೆ ಗಂಡನ ಕಡೆ ನೋಡಿದಳು. ಅವನು ಕಣ್ಣು ಕೆಂಪು ಮಾಡುತ್ತಾನೆಂದು ಪಕ್ಕದಲ್ಲಿದ್ದ ನಾನು ಹೆದರಿದೆ. ಆದರೆ ಅವನು ಸ್ವಾಧೀನದಲ್ಲಿದ್ದ ಒಂದು ಕೈಯೆತ್ತಿ, ಬೆರಳ ಗಿಣ್ಣಿನಿಂದ ಮೇಜು ಕುಟ್ಟತೊಡಗಿದ. ಅತ್ತೆ ಕಡಲೆ ಬೇಯಿಸುವಾಗ ಹಾಡಿಕೊಳ್ಳುತ್ತಿದ್ದ ಹಾಡಿನದೇ ತಾಳ, ಒಂದಿಷ್ಟೂ ತಪ್ಪಲಿಲ್ಲ. ಅಷ್ಟು ವರ್ಷವೂ ಅವನು ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದ! ಅತ್ತೆ ಎದ್ದು ನಿಂತು ಹಾಡಿದಳು. ಎಸ್ತೇಬಾನನ ಕೆನ್ನೆ ತೋಯ್ದುಹೋಯಿತು.

ಈಗ ಭಾನುವಾರ ಮಧ್ಯಾಹ್ನ ಅವಳು ಕೇರಿಯ ಕ್ಲಬ್ಬಿನಲ್ಲಿ ಹಾಡುತ್ತಾಳೆ. ಮುಂದಿನ ಕುರ್ಚಿ ಅವನದು. ಲಯ ಚೂರು ಜಾರಿದರೂ ಊರುಗೋಲು ಕುಟ್ಟುತ್ತಾನೆ.

"ಹಾಡ್ತಿರೋದು ನಾನಾ, ನೀನಾ?" ಎಂದು ಅತ್ತೆ ಎಲ್ಲರೆದುರೇ ಗದರುತ್ತಾಳೆ. ಅವನು ಅರ್ಧ ಬಾಯಲ್ಲೇ ನಗುತ್ತಾನೆ.